ಆರನೇ ಮಹಡಿಯಲ್ಲಿ ಒಬ್ಬರು

ಆರನೇ ಮಹಡಿಯಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಇಡೀ ಕಚೇರಿ ಫೋನಕ್ಕ ಎಂದೇ ಕರೆಯುತ್ತಿತ್ತು. ಹನ್ನೊಂದು ವರ್ಷದಿಂದ ಗಾಲಿಕುರ್ಚಿಯಲ್ಲೇ ಓಡಾಟ. ನಾಲಿಗೆಗೆ ಮಾತ್ರ ಯಾವ ಗಾಲಿಯೂ ಬೇಕಿರಲಿಲ್ಲ.

ಬುಧವಾರ ಮ್ಯಾನೇಜರು ಅವಳ ಮೇಜಿನ ಬಳಿ ಬಂದು ನಿಂತರು.

"ನಾಳೆ ಬೆಂಕಿ ತಾಲೀಮು ಇದೆಯಮ್ಮ, ಎಲ್ಲರೂ ಮೆಟ್ಟಿಲಲ್ಲೇ ಇಳೀಬೇಕು. ಲಿಫ್ಟ್ ನಿಲ್ಲಿಸ್ತಾರೆ. ನೀವು ಸುಮ್ನೆ ರಜೆ ಹಾಕ್ಬಿಡಿ."

"ನಿಜವಾದ ಬೆಂಕಿ ಬರೋ ದಿನಾನೂ ಮೊದಲೇ ಹೇಳ್ಬಿಡಿ ಸಾರ್, ಅವತ್ತೂ ರಜೆ ಹಾಕ್ತೀನಿ."

ಮ್ಯಾನೇಜರು ನಕ್ಕು ಹೋದರು. ಅವಳು ನಗಲಿಲ್ಲ. ಮರುದಿನ ಎಂದಿಗಿಂತ ಮೊದಲೇ ಬಂದಳು.

ಹನ್ನೊಂದಕ್ಕೆ ತಾಲೀಮಿನ ಗಂಟೆ ಹೊಡೆಯಿತು. ಎಲ್ಲರೂ ಮೆಟ್ಟಿಲ ಕಡೆ ನಡೆದರು. ಪಕ್ಕದ ಮೇಜಿನ ಟೈಪಿಸ್ಟ್ ಮಾತ್ರ ಹೋಗದೆ ನಿಂತಳು.

"ಅಕ್ಕಾ, ನಾನೂ ಇಲ್ಲೇ ಇರ್ತೀನಿ."

"ನೀನು ಇಳಿ. ಎಲ್ಲರೂ ಬಂದ್ರು ಅಂತ ಅವರು ಹೇಳ್ದಾಗ ಇಲ್ಲ ಅಂತ ಕೂಗೋಕೆ ಕೆಳಗೆ ಒಬ್ಬರಾದ್ರೂ ಬೇಕು."

ಮೆಟ್ಟಿಲ ಪಕ್ಕದಲ್ಲಿ ದಪ್ಪ ಬಾಗಿಲಿನ ಪುಟ್ಟ ಕೋಣೆಯೊಂದಿತ್ತು. ಇಳಿಯಲಾಗದವರು ನೆರವು ಬರುವ ತನಕ ಹೊಗೆ ತಾಗದಂತೆ ಕಾಯಲೆಂದೇ ಕಟ್ಟಿಸಿದ್ದು. ಫೋನಕ್ಕ ಬಾಗಿಲು ತಳ್ಳಿದಳು. ಮುರಿದ ಕುರ್ಚಿ, ಕೆಟ್ಟ ಪ್ರಿಂಟರು, ಸೂರು ಮುಟ್ಟುವ ಕಡತಗಳ ಕಟ್ಟು. ಗಾಲಿ ಒಂದಡಿಯೂ ಒಳಗೆ ಹೋಗಲಿಲ್ಲ. ಕೈಗೆಟುಕಿದ ಕಟ್ಟುಗಳನ್ನೆಲ್ಲ ಎಳೆದೆಳೆದು ಹೊರಗೆಸೆದಳು. ಹೇಗೋ ಕುರ್ಚಿ ಅರ್ಧ ಒಳಗೆ ತೂರಿ, ಗೋಡೆಯ ಕೆಂಪು ಗುಂಡಿ ಕೈಗೆ ಸಿಕ್ಕಿತು. ಒತ್ತಿದರೆ ಕೆಳಗಿನ ಕಾವಲುಗಾರ ಮಾತಾಡಬೇಕು. ಒತ್ತಿದಳು. ಅತ್ತಲಿಂದ ಸದ್ದೇ ಇಲ್ಲ. ತಾಲೀಮೆಂದು ಗೊತ್ತಿದ್ದರೂ ಭಯವಾಯಿತು. ಆ ಭಯದ ಬೆನ್ನಿಗೇ ರೋಷ ಉಕ್ಕಿತು.

ಕೆಳಗೆ ಅಂಗಳದಲ್ಲಿ ಮ್ಯಾನೇಜರು, "ಎಲ್ಲರೂ ಇಳಿದಾಯ್ತು" ಎಂದು ಅಗ್ನಿಶಾಮಕ ಅಧಿಕಾರಿಗೆ ಹಾಳೆ ಕೊಡುತ್ತಿದ್ದರು.

"ಎಲ್ಲಿ ಇಳಿದಾಯ್ತು? ಫೋನಕ್ಕ ಮೇಲೇ ಇದಾರೆ!" ಎಂದು ಟೈಪಿಸ್ಟ್ ಕಿರುಚಿದಳು.

ಅಧಿಕಾರಿ ಆ ಹಾಳೆ ಹಿಡಿದೇ ಆರು ಮಹಡಿ ಹತ್ತಿ ಬಂದರು, ಹಿಂದೆಯೇ ಏದುಸಿರು ಬಿಡುತ್ತ ಮ್ಯಾನೇಜರು.

"ತಾಲೀಮು ಮುಗೀತಮ್ಮ, ಬನ್ನಿ ಹೊರಗೆ," ಎಂದರು ಮ್ಯಾನೇಜರು.

"ಬರಲ್ಲ ಸಾರ್. ಎಲ್ಲರೂ ಬಚಾವ್ ಅಂತ ಬರೆದಿದ್ದೀರಲ್ಲ, ಮೊದಲು ಅದನ್ನ ಹೊಡೆದು ಹಾಕಿ. ಆರನೇ ಮಹಡೀಲಿ ಒಬ್ಬರು ಸತ್ರು ಅಂತ ಬರೀರಿ."

ಅಧಿಕಾರಿ ತಾವೇ ಗುಂಡಿ ಒತ್ತಿ ನೋಡಿದರು. ಮತ್ತೊಮ್ಮೆ ಒತ್ತಿದರು. ಆಮೇಲೆ ಹಾಳೆಯ ಮೇಲೆ ಅಡ್ಡಗೀರು ಎಳೆದು, 'ತಾಲೀಮು ವಿಫಲ' ಎಂದು ಬರೆದರು.

ಸಂಜೆಯೊಳಗೆ ಕೋಣೆ ಖಾಲಿಯಾಯಿತು. ವಾರದಲ್ಲಿ ಗುಂಡಿಗೆ ಜೀವ ಬಂತು. ಮೆಟ್ಟಿಲ ಮೇಲೆ ಜಾರಿಸಿ ಇಳಿಸುವ ಕುರ್ಚಿ ಬಂತು, ಅದನ್ನು ಹಿಡಿಯಲು ಇಬ್ಬರು ತರಬೇತಿ ಪಡೆದರು. ಮುಂದಿನ ತಾಲೀಮಿನಲ್ಲಿ ಫೋನಕ್ಕ ಆ ಕುರ್ಚಿಯಲ್ಲಿ ಕೂತು ಪಟ್ಟಿ ಬಿಗಿದುಕೊಂಡು ಆರೂ ಮಹಡಿ ಇಳಿದಳು.

"ಈಗ ಸಮಾಧಾನ ಆಯ್ತಾ?" ಎಂದರು ಮ್ಯಾನೇಜರು.

"ಎರಡನೇ ಮಹಡಿ ತಿರುವಿನಲ್ಲಿ ದೀಪ ಇಲ್ಲ ಸಾರ್," ಎಂದಳು ಫೋನಕ್ಕ.