ಅಂಗನವಾಡಿ ಬಾಗಿಲಲ್ಲಿ ಚಾಮುಂಡಮ್ಮ

ಚಾಮುಂಡಮ್ಮನ ಮೊಮ್ಮಗಳು ಚಿನ್ನು ಮೂರು ತುಂಬಿ ನಾಲ್ಕಕ್ಕೆ ಬಿದ್ದಿದ್ದರೂ ಅವಳ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಮಾತು ಯಾತಕ್ಕೆ ಬೇಕಿತ್ತು ಹೇಳಿ? ಹುಬ್ಬು ಎತ್ತಿದರೆ ಹಾಲು ಬರುತ್ತಿತ್ತು, ಬೆರಳು ಗೂಡಿನ ಕಡೆ ತಿರುಗಿದರೆ ಬೆಲ್ಲ, ಕಿವಿ ಮುಟ್ಟಿಕೊಂಡರೆ ಅಜ್ಜಿಯ ತೊಡೆ. ಆ ಮುಖ ಓದುವುದರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿಗೇ ತನ್ನಂಥವಳಿಲ್ಲ ಎಂಬ ಜಂಬ ಚಾಮುಂಡಮ್ಮನದು. ಅದರಲ್ಲಿ ಸುಳ್ಳೂ ಇರಲಿಲ್ಲ.

ಆದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಯಾರೋ ಮೂಗಿ ಅಂದದ್ದು ಕಿವಿಗೆ ಬಿದ್ದ ದಿನ ಚಾಮುಂಡಮ್ಮ ಅವರ ಏಳು ತಲೆಮಾರನ್ನು ಜಾಲಾಡಿ ಬಂದಳು. ಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ದಿನಾ ಬೆಳಗ್ಗೆ ಬಜೆ ತೇಯ್ದು, ಜೇನಿನಲ್ಲಿ ಕಲಸಿ ನಾಲಿಗೆಗೆ ಸವರಿದಳು. ಚಿನ್ನು ಮುಖ ಕಿವಿಚಿದಳೇ ಹೊರತು ಮಾತಾಡಲಿಲ್ಲ.

ಸೊಸೆ ವಾಣಿಶ್ರೀ ಮಗಳನ್ನು ಡಾಕ್ಟರಿಗೆ ತೋರಿಸಿದಳು. ಕಿವಿ ಸರಿಯಿದೆ, ನಾಲಿಗೆ ಸರಿಯಿದೆ, ನಾಲ್ಕು ಮಕ್ಕಳ ಜೊತೆ ಬಿಡಿ ಅಂದರು ಅವರು. ಊರ ಅಂಗನವಾಡಿಗೆ ಕಳಿಸೋಣ ಎಂದು ವಾಣಿಶ್ರೀ ಹೇಳಿದ್ದೇ ತಡ, ಚಾಮುಂಡಮ್ಮ ಬೆಂಕಿಯಾದಳು. ಮಾತು ಬಾರದ ಕೂಸನ್ನು ಯಾರಾದರೂ ಚಿವುಟಿದರೆ ಅದು ಯಾರಿಗೆ ಹೇಳೀತು? ತನ್ನ ಮಗ ಯತೀಶ ಆರು ವರ್ಷದವರೆಗೆ ತನ್ನ ಸೊಂಟದ ಮೇಲೇ ಬೆಳೆದವನು, ಅವನೇನು ದಡ್ಡನಾದನೇ? ಯತೀಶ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟುವ ನೆಪ ಮಾಡಿ ಅಲ್ಲಿಂದ ಜಾರಿಕೊಂಡ.

ವಾಣಿಶ್ರೀ ಜಗ್ಗಲಿಲ್ಲ. "ಅತ್ತೆ, ಅದು ಬಾಯಿ ಬುಡೋಕ್ ಮುಂಚೇನೇ ನೀವು ಎಲ್ಲಾ ತಂದ್ಕೊಟ್ಬುಡ್ತೀರಿ. ಇನ್ನ ಅದ್ಯಾಕ್ ಮಾತಾಡೀತು?" ಎಂದಳು.

ಆ ಮಾತು ಚುರುಕ್ಕೆಂದು ತಾಕಿತು. ತನ್ನ ಪ್ರೀತಿಯೇ ಕೂಸಿನ ಬಾಯಿ ಕಟ್ಟಿತೇ? ಚಾಮುಂಡಮ್ಮ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಆಮೇಲೆ ತಾನೇ ಚಿನ್ನುವಿಗೆ ಜಡೆ ಹಾಕಿ, ಹೋಗಲಿ, ಆದರೆ ತಾನು ಬಾಗಿಲಲ್ಲಿ ಕೂರುವವಳೇ ಎಂದು ಷರತ್ತು ಹಾಕಿದಳು. ಅಂಗನವಾಡಿ ಟೀಚರ್ ಉಷಾರಾಣಿಯೂ ಕಡಿಮೆಯವರಲ್ಲ. ಕೂರಬಹುದು, ಹೊಸ್ತಿಲು ದಾಟುವಂತಿಲ್ಲ ಎಂದರು.

ಜಗಲಿಯಲ್ಲಿ ಚಾಮುಂಡಮ್ಮ ಕೂತದ್ದು ಕೂತದ್ದೇ. ಒಳಗೆ ಮಕ್ಕಳು ಹಾಡಿಗೆ ಕೈ ಆಡಿಸುತ್ತಿದ್ದರೆ ಚಿನ್ನು ಮೂಲೆ ಹಿಡಿದು ಹುಬ್ಬು ಎತ್ತುತ್ತಿದ್ದಳು. ಆ ಹುಬ್ಬಿನ ಅರ್ಥ ಟೀಚರಿಗೆ ತಿಳಿಯುತ್ತಿರಲಿಲ್ಲ.  ಒಂದು ವಾರ ಹೀಗೇ ಹೋಯಿತು.

ಒಂದು ದಿನ ಮೊಟ್ಟೆ ಕೊಡುವ ಹೊತ್ತು. ಪಕ್ಕದ ಬೀದಿಯ ಸಣ್ಣಬೀರಯ್ಯನ ಮೊಮ್ಮಗ ತನ್ನ ಮೊಟ್ಟೆ ನುಂಗಿ, ಪಕ್ಕದಲ್ಲಿದ್ದ ಚಿನ್ನುವಿನ ತಟ್ಟೆಗೂ ಕೈ ಹಾಕಿದ. ಉಷಾರಾಣಿ ಆ ಕಡೆ ತಿರುಗಿ ಬಡಿಸುತ್ತಿದ್ದರು. ಚಿನ್ನು ಅಜ್ಜಿಯನ್ನು ನೋಡಿದಳು. ಚಾಮುಂಡಮ್ಮ ಎದ್ದೇ ಬಿಟ್ಟಳು. ಒಂದು ಕಾಲು ಹೊಸ್ತಿಲ ಮೇಲಿತ್ತು, ಹುಡುಗನ ತಾತನವರೆಗೂ ತಲುಪುವ ಬೈಗುಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಸೊಸೆಯ ಮಾತು ನೆನಪಾಯಿತು. ಜನ್ಮದಲ್ಲೇ ಮೊದಲ ಸಲ ಚಾಮುಂಡಮ್ಮ ಬಂದ ಬೈಗುಳವನ್ನು ನುಂಗಿಕೊಂಡು, ಬೇಕೆಂದೇ ಮುಖವನ್ನು ಬೀದಿಯ ಕಡೆ ತಿರುಗಿಸಿದಳು. 

ಬೆನ್ನ ಹಿಂದೆ ಒಂದು ಎಳೆಯ ದನಿ ಎದ್ದಿತು.

"ಮಡುಗ್ಲಾ ಅದ್ನ. ನಂದು ಕಣ್ಲಾ ಅದು. ನಿಮ್ಮಪ್ಪ ತಂದದ್ದಾ?"

ಚಾಮುಂಡಮ್ಮ ತಿರುಗಿದಳು. ಚಿನ್ನು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಆ ರಾಗ, ಆ ಕತ್ತು ಕೊಂಕಿಸುವುದು, ಎಲ್ಲ ಥೇಟ್ ಚಾಮುಂಡಮ್ಮನದೇ. ಅಜ್ಜಿಯ ಸೊಂಟದ ಮೇಲೆ ಕೂತು ಕೂಸು ಏನೂ ಕಲಿಯಲಿಲ್ಲ ಅಂದವರು ಯಾರು? ಎಲ್ಲ ಕಲಿತಿತ್ತು, ಆಡುವ ಅಗತ್ಯ ಬಿದ್ದಿರಲಿಲ್ಲ ಅಷ್ಟೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತದೆ ಗಾದೆ. ಚಿನ್ನುವಿಗೆ ಮಾತು ಬಂದದ್ದೇ ಜಗಳದಿಂದ. ಹುಡುಗ ಬೆಪ್ಪಾಗಿ ಮೊಟ್ಟೆಯನ್ನು ತಟ್ಟೆಗೆ ಇಟ್ಟ.

ಮಾರನೆಯ ಬೆಳಗ್ಗೆ ಚಾಮುಂಡಮ್ಮ ಎಂದಿನಂತೆ ಚಪ್ಪಲಿ ಮೆಟ್ಟಿಕೊಂಡಳು. ಚಿನ್ನು ಅವಳ ಕೈ ಕೊಡವಿ ಎದುರು ನಿಂತಳು.

"ನೀ ಬರ್‌ಬ್ಯಾಡ ಅಜ್ಜಿ. ಮನೇಲೇ ಇರು. ನಾನೇ ಓಯ್ತೀನಿ."

ಏಟು ನೇರ ಎದೆಗೇ ಬಿತ್ತು.  ಚಾಮುಂಡಮ್ಮ ಸೊಸೆಯ ಮುಖ ನೋಡಿದಳು; ಇಬ್ಬರೂ ಒಟ್ಟಿಗೇ ನಕ್ಕರು, ನಗುತ್ತಲೇ ಇಬ್ಬರ ಕಣ್ಣೂ ತುಂಬಿದವು. ಚಿನ್ನು ಅಮ್ಮನ ಕೈ ಹಿಡಿದು ಹಿಂದೆ ತಿರುಗಿಯೂ ನೋಡದೆ ಹೊರಟಳು. ಚಾಮುಂಡಮ್ಮನಿಗೆ ಮನೆಯಲ್ಲಿ ಕೂರಲಾದೀತೇ? ಬೀದಿಯ ಒಂದೊಂದು ಬಾಗಿಲಿಗೂ ನಿಂತು, ಎದೆಯುಬ್ಬಿಸಿ ಹೇಳಿಕೊಂಡು ಹೋದಳು:

"ಕೇಳ್ರವ್ವಾ, ನನ್ನ ಮೊಮ್ಮಗ್ಳು ಇವತ್ತು ನನ್ನೇ ಬರ್‌ಬ್ಯಾಡ ಅಂದ್‌ಬುಟ್ಲು."