ಎಡಗಡೆಯ ಅಳತೆ

"ಮುನ್ನೂರ ಎಂಟು," ಎಂದು ಮುಜಫ್ಫರ್ ಬಲಗಡೆಯ ಚಕ್ರದ ಹತ್ತಿರ ಕೂತು ಕೂಗಿದ.

"ಮುನ್ನೂರ ಎಂಟು," ಎಂದು ಗಾಡಿಯ ಆ ಬದಿಯಿಂದ ಅಶ್ವತ್ಥ್ ಉತ್ತರ ಕೊಟ್ಟ.

ಅಲ್ಲಿಗೆ ಕೆಲಸ ಮುಗಿದ ಹಾಗೆ. ಪಿಕಪ್ ಗಾಡಿಯನ್ನು ಎತ್ತರಿಸಲು ಭಾರ ಹೊರುವ ಕಮಾನ್ ಪ್ಲೇಟಿಗೂ ಹಿಂದಿನ ಎರಡು ಚಕ್ರ ಸೇರಿಸುವ ಆಕ್ಸಲ್ಲಿಗೂ ನಡುವೆ ಕಬ್ಬಿಣದ ಗಟ್ಟಿ ಕೂರಿಸುತ್ತಾರೆ. ಅದರ ಕೆಳಗಿನ ಗೂಟ ಆಕ್ಸಲ್ ಮೇಲಿನ ತೂತಿನೊಳಗೆ ಸರಿಯಾಗಿ ಇಳಿಯದಿದ್ದರೆ ಆಕ್ಸಲ್ ಒಂದು ಕಡೆ ಸರಿದುಬಿಡುತ್ತದೆ. ಆಮೇಲೆ ಗಾಡಿ ಅಡ್ಡಡ್ಡ ಓಡುತ್ತದೆ, ಜೋರಾಗಿ ಬ್ರೇಕ್ ಒತ್ತಿದರೆ ತಿರುಗಿಯೇ ನಿಲ್ಲುತ್ತದೆ. ಅದಕ್ಕೇ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಟೇಪು ಹಿಡಿಯಬೇಕು, ಸೆಂಟಿಮೀಟರಿನ ಅಳತೆ ಒಂದೇ ಬರಬೇಕು. ಬಲಗಡೆ ಮುಜಫ್ಫರನದು, ಎಡಗಡೆ ಅಶ್ವತ್ಥನದು. ಬಲಗಡೆಯವನು ಮೊದಲು ಕೂಗುವುದು, ಎಡಗಡೆಯವನು ಉತ್ತರ ಕೊಡುವುದು. ಯಲಹಂಕದಾಚೆ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಇಬ್ಬರೂ ಸೇರಿ ಗ್ಯಾರೇಜು ಹಾಕಿದಾಗಿನಿಂದ ನಡೆದುಬಂದ ಪದ್ಧತಿ ಇದು. ಗಂಡ ಹೆಂಡಿರ ನಡುವೆಯೂ ಇಷ್ಟು ಹೊಂದಾಣಿಕೆ ಇರುವುದಿಲ್ಲ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು.

ಟೇಪು ಸುತ್ತಿಕೊಳ್ಳಲು ಮುಂದಿನ ಚಕ್ರದ ಹತ್ತಿರ ಹೋದ ಮುಜಫ್ಫರನಿಗೆ ನಗು ಬಂತು. ಟೇಪಿನ ಕೊಂಡಿ ಚಕ್ರದ ನಡುವಿನಲ್ಲಿರಲಿಲ್ಲ, ಜಾರಿ ಪಕ್ಕದ ಚಕ್ರದ ನಟ್ಟಿಗೆ ಸಿಕ್ಕಿಕೊಂಡಿತ್ತು. ವಯಸ್ಸಾಯಿತು ನನಗೆ ಎಂದುಕೊಂಡು ಮತ್ತೆ ಸರಿಯಾಗಿ ಹಿಡಿದು ನೋಡಿದ. ಮುನ್ನೂರ ಹದಿನೈದು. ನಗು ಅಲ್ಲೇ ನಿಂತಿತು. ತಾನು ಕೂಗಿದ್ದು ತಪ್ಪು ಲೆಕ್ಕ. ಹಾಗಾದರೆ ಆ ಬದಿಯಿಂದಲೂ ಅದೇ ಲೆಕ್ಕ ಹೇಗೆ ಬಂತು?

ಅವನು ಸುತ್ತು ಹಾಕಿ ಎಡಗಡೆಗೆ ಹೋಗಿ ಟೇಪು ಹಿಡಿದ. ಮುನ್ನೂರ ಹದಿಮೂರು.

"ಯಾಕೋ ಮುಜ್ಜು, ನನ್ ಕಡೆಗೆ ಬಂದೆ?" ಎಂದ ಅಶ್ವತ್ಥ್.

"ಎಷ್ಟು ಅಂದೆ ನೀನು?"

"ನೀನೆಷ್ಟಂದ್ಯೋ ಅಷ್ಟೇ."

"ನಾನು ತಪ್ಪು ಹೇಳಿದ್ದೆ ಕಣೋ."

ಅಶ್ವತ್ಥ್ ಪಕ್ಕದಲ್ಲಿದ್ದ ಹಳೇ ಟೈರನ್ನು ಕೈಯಿಂದ ತಡವಿ ಹುಡುಕಿ ಅದರ ಮೇಲೆ ಕೂತ. ಅವನು ತಡವಿದ್ದನ್ನು ಮುಜಫ್ಫರ್ ನೋಡಿದ. ಸಕ್ಕರೆ ಕಾಯಿಲೆಯ ಕಣ್ಣು, ಡ್ರಾಪ್ಸ್ ಹಾಕ್ತಿದೀನಿ ಎಂದು ಅಶ್ವತ್ಥ್ ಹೇಳುತ್ತಿದ್ದುದನ್ನು ತಾನು ಇಷ್ಟು ದಿನ ಕಿವಿಗೆ ಹಾಕಿಕೊಂಡಿದ್ದೇ ಇಲ್ಲ. ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂಬುದು ಅಶ್ವತ್ಥನ ಬೆರಳಿಗೇ ಗೊತ್ತಿತ್ತು. ಟೇಪಿನ ಮೇಲಿನ ಅಂಕಿ ಮಾತ್ರ ಬೆರಳಿಗೆ ತಿಳಿಯುವಂಥದ್ದಲ್ಲ.

"ಯಾವಾಗಿಂದ?"

"ಮಸುಕಾಗೇ ಇತ್ತು. ಬಗ್ಗಿ ನೋಡಿದ್ರೆ ಕಾಣ್ತಿತ್ತು. ಈ ವಾರ ಅದೂ ಇಲ್ಲ."

"ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಮನೇಗೋಗಿ ಕೂತ್ಕೋ ಅಂತಿದ್ದೆ ನೀನು. ಕೂತು ಏನ್ ಮಾಡ್ಲಿ? ಗೋಡೆ ನೋಡೋಕೂ ಕಣ್ಣು ಬೇಕು."

ಹಾಗೆ ಅಂದೇಬಿಡುತ್ತಿದ್ದೆ ಎಂದು ಮುಜಫ್ಫರನಿಗೂ ಗೊತ್ತಿತ್ತು. ಸಿಟ್ಟು ನೆತ್ತಿಗೇರಿತ್ತು, ಅದರ ಹಿಂದೆಯೇ ನಾಚಿಕೆಯೂ ಬಂತು. ಕೂಗಿದ್ದಕ್ಕೆ ಅದೇ ಅಂಕಿ ತಿರುಗಿ ಬಂದರೆ ಅವನಿಗೆ ಖುಷಿಯಾಗುತ್ತಿತ್ತು. ಒಂದು ಸಲವೂ ಆ ಬದಿಗೆ ಹೋಗಿ ನೋಡಿರಲಿಲ್ಲ.

"ಮುಜ್ಜು," ಎಂದ ಅಶ್ವತ್ಥ್, ದನಿ ತಗ್ಗಿಸಿ. "ಮೊನ್ನೆ ಚಿಕ್ಕಬೈರಪ್ಪನ ಗಾಡಿ ಮಾಡಿದ್ವಲ್ಲ."

ಮುಜಫ್ಫರ್ ಜೇಬಿನಿಂದ ಫೋನ್ ತೆಗೆದ. ಆ ವಾರ ಎತ್ತರಿಸಿದ ಇನ್ನೊಂದು ಗಾಡಿ ಅದೊಂದೇ. ರಾಜಾನುಕುಂಟೆಯ ಚಿಕ್ಕಬೈರಪ್ಪ ಬೆಳಿಗ್ಗೆ ಹೂ ಸಾಗಿಸುತ್ತಿದ್ದ, ಸಂಜೆ ತೋಟದ ಕೂಲಿ ಹೆಂಗಸರನ್ನು ಹಿಂದೆ ಕೂರಿಸಿಕೊಂಡು ಊರಿಗೆ ಬಿಡುತ್ತಿದ್ದ. ಮುಜಫ್ಫರ್ ಫೋನ್ ಹಚ್ಚಿದ. ಪೂರ್ತಿ ರಿಂಗ್ ಆಗಿ ನಿಂತಿತು. ಮತ್ತೆ ಹಚ್ಚಿದ.

"ಏನ್ ಸಾಬ್ರೇ?" ಎಂದಿತು ಆ ಕಡೆಯ ದನಿ. ಹಿಂದೆ ಹೆಂಗಸರ ನಗು ಕೇಳುತ್ತಿತ್ತು.

"ಅಣ್ಣಾ, ಎಲ್ಲಿದೀರಾ?"

"ಹಿಂಗೇ ನಿಮ್ ಅತ್ರದಾಗೇ. ಹೆಂಗಸರ್ನ ಬಿಡಾಕೆ ಓಯ್ತಾ ಇವ್ನಿ."

"ಅವರನ್ನೆಲ್ಲ ಅಲ್ಲೇ ಇಳಿಸ್ಬಿಡಿ, ಆಟೋದಲ್ಲಿ ಹೋಗ್ಲಿ. ನೀವು ಮೆಲ್ಲಗೆ ಇಲ್ಲಿಗೆ ಬನ್ನಿ. ಬ್ರೇಕ್ ಜೋರಾಗಿ ಒತ್ತಬೇಡಿ. ಒಂದು ತಪ್ಪಾಗಿದೆ ನಮ್ಮಿಂದ."

"ನಮ್ಮಿಂದ ಅನ್ಬೇಡ," ಎಂದ ಅಶ್ವತ್ಥ್. "ನನ್ನಿಂದ ಅನ್ನು."

ಫೋನ್ ಕಟ್ಟಾಗಿತ್ತು.

ಇಬ್ಬರೂ ಹೋಗಿ ರಸ್ತೆ ಬದಿಯಲ್ಲಿ ನಿಂತರು. ಹೊತ್ತು ಇಳಿದಿತ್ತು. ಟಿಪ್ಪರುಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಬರುವ ಗಾಡಿಯ ನಡಿಗೆ ನೋಡಿಯೇ ಯಾವ ಕಮಾನು ಕುಸಿದಿದೆ ಎಂದು ದೂರದಿಂದಲೇ ಹೇಳುತ್ತಿದ್ದವನು ಅಶ್ವತ್ಥ್. ಈಗ ಅವನು ರಸ್ತೆಯ ಕಡೆ ಮುಖ ಮಾಡಿ, ಕಿವಿ ಕೊಟ್ಟು ನಿಂತಿದ್ದ. ಮುಜಫ್ಫರನಿಗೆ ಅವನ ಹೆಗಲ ಮೇಲೆ ಕೈ ಇಡಬೇಕೆನಿಸಿತು, ಇಡಲಿಲ್ಲ.

"ಬಂತಾ?"

"ಬಂತು."

ಚಿಕ್ಕಬೈರಪ್ಪ ಒಬ್ಬನೇ ನಿಧಾನವಾಗಿ ಬರುತ್ತಿದ್ದ, ಹಿಂದೆ ಯಾರೂ ಇರಲಿಲ್ಲ. ಸದ್ಯ, ಎಂದು ಮುಜಫ್ಫರ್ ಉಸಿರು ಬಿಟ್ಟ. ಗಾಡಿಯ ಮೂತಿ ಇವರ ಕಡೆಗೇ ಇತ್ತು, ಆದರೆ ಓಟ ಅಡ್ಡಡ್ಡ, ಅದರ ಒಂದು ಪಕ್ಕೆಯೂ ಹಿಂದಿನ ಚಕ್ರದವರೆಗೆ ಕಾಣುತ್ತಿತ್ತು.

"ನೆಟ್ಟಗೆ ಬರ್ತಿದ್ಯಾ?" ಎಂದ ಅಶ್ವತ್ಥ್.

ಮುಜಫ್ಫರ್ ನಿಂತಲ್ಲೇ ಕೈಯೆತ್ತಿ ಗಾಡಿ ನಿಲ್ಲಿಸಲು ಸನ್ನೆ ಮಾಡಿದ. ಅಶ್ವತ್ಥ್ ಉತ್ತರಕ್ಕೆ ಕಾದ. ಆಮೇಲೆ ಪ್ಯಾಂಟಿನ ಜೇಬಿನಿಂದ ಎಡಗಡೆಯ ಕೆಲಸದ ತನ್ನ ಸ್ಪ್ಯಾನರ್ ತೆಗೆದು, ಅಂಗಿಗೆ ಒರೆಸಿ, ಮುಂದೆ ಚಾಚಿದ. ಮುಜಫ್ಫರ್ ನಿಂತಿದ್ದ ಕಡೆಗಲ್ಲ, ಅವನಿಂದ ಒಂದು ಮೊಳ ಆಚೆಗೆ.

ಮುಜಫ್ಫರ್ ಆ ಕಡೆಗೆ ಸರಿದು ನಿಂತು ಅದನ್ನು ತೆಗೆದುಕೊಂಡ.