ಮೌನಿ ಬದುಕಿ ಬಂದ ಸಿನಿಮಾ

ಅವನಿಗೆ ಮೌನಿ ಎಂದು ಹೆಸರಿಟ್ಟವರು ಟಿವಿ ಕಚೇರಿಯವರು. ಬಾಯಿಗೆ ಬೀಗ ಹಾಕಿ ಗೊತ್ತೇ ಇಲ್ಲದ ಕ್ಯಾಮೆರಾಮನ್ ಅವನು. ಎದುರಿಗೆ ಯಾರೇ ಸಿಕ್ಕರೂ ಅವರ ತಲೆ ತಿನ್ನುತ್ತಿದ್ದ. ಆದರೆ ಚಿತ್ರೀಕರಣ ಮುಗಿದ ಕೂಡಲೇ ಕೈ ಎತ್ತಿ ಎಲ್ಲರ ಬಾಯಿ ಮುಚ್ಚಿಸಿ, ಆ ಜಾಗದ ಬರೀ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳದೆ ಅಲ್ಲಿಂದ ಕಾಲು ಕೀಳುತ್ತಿರಲಿಲ್ಲ. ಮಾತಿನ ತುಂಡುಗಳನ್ನು ಜೋಡಿಸುವಾಗ ನಡುವೆ ತುಂಬಲು ಆ ಖಾಲಿ ಸದ್ದು ಬೇಕಾಗುತ್ತದೆ. ಯುದ್ಧದ ಊರಿನಲ್ಲೂ ಅವನದು ಅದೇ ಹಟ. ಬೀದಿಯ ಕೊನೆಯಲ್ಲಿ ಗುಂಡು ಹಾರುತ್ತಿದ್ದರೂ ಜೊತೆಗೆ ಹೋದ ವರದಿಗಾರ್ತಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಅವಳಿಗೆ ನಗು ಬರಲೆಂದೇ ಈ ಮಹಾರಾಯ ಮೂತಿ ಸೊಟ್ಟ ಮಾಡುತ್ತಿದ್ದ. ಅವಳು ಕಿಸಕ್ಕೆಂದರೆ ಮತ್ತೆ ಮೊದಲಿನಿಂದ.

ಒಂದು ಖಾಲಿ ಶಾಲೆಯಲ್ಲಿ ಹೀಗೆ ಸದ್ದು ಹಿಡಿಯುತ್ತಿದ್ದಾಗಲೇ ಶೆಲ್ ಬಿದ್ದು ಅವನು ಸತ್ತುಹೋದ.

ಕೆಲವು ವರ್ಷ ಕಳೆದ ಮೇಲೆ, ಆ ದಿನಗಳ ಬಗ್ಗೆ ವರದಿಗಾರ್ತಿ ಬರೆದ ಪುಸ್ತಕವನ್ನು ನಿರ್ದೇಶಕನೊಬ್ಬ ಸಿನಿಮಾ ಮಾಡಿದ. ನಗಿಸುವ ಸಿನಿಮಾ. ಮೂತಿ ಸೊಟ್ಟ ಮಾಡುವುದೂ ಕಿಸಕ್ಕೆನ್ನುವುದೂ ಎಲ್ಲ ಅದರಲ್ಲಿತ್ತು. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ಮೌನಿ ಸಾಯುವುದಿಲ್ಲ. ಶೆಲ್ ಬಿದ್ದ ಮೇಲೆ ಹೊಗೆಯೊಳಗಿಂದ ಮೈತುಂಬ ಸುಣ್ಣದ ಪುಡಿ ಮೆತ್ತಿಕೊಂಡು ಎದ್ದು ಬಂದು, "ಯಾರಯ್ಯಾ ಅದು, ನನ್ನ ನಿಮಿಷ ಹಾಳು ಮಾಡಿದ್ದು?" ಎಂದು ಕೇಳುತ್ತಾನೆ. ಕೊನೆಗೆ ಮನೆಗೂ ಬಂದು ಬಾಗಿಲು ತಟ್ಟುತ್ತಾನೆ.

ವರದಿಗಾರ್ತಿಗೆ ಮೈಯೆಲ್ಲ ಉರಿದುಹೋಯಿತು. "ಸತ್ತವನನ್ನ ಜೋಕರ್ ಮಾಡಿದ್ದೀರಲ್ಲ," ಎಂದಳು.

"ಜನ ನಗೋಕೆ ಬರ್ತಾರೆ ಮೇಡಂ. ಅಳಿಸಿ ಕಳಿಸಿದ್ರೆ ನಮ್ಮನ್ನೇ ಬೈತಾರೆ," ಎಂದ ನಿರ್ದೇಶಕ.

ಮೌನಿಯ ಹೆಂಡತಿ ಒಪ್ಪದಿದ್ದರೆ ಅವನ ಭಾಗವನ್ನು ತೋರಿಸುವಂತಿಲ್ಲ ಎಂದು ಮೊದಲೇ ಮಾತಾಗಿತ್ತು. ವರದಿಗಾರ್ತಿ ಅದನ್ನೇ ಹಿಡಿದಳು. ಮೌನಿಯನ್ನು ಅಣ್ಣಾ ಎನ್ನುತ್ತಿದ್ದವಳಿಗೆ ಅವನ ಹೆಂಡತಿ ಅತ್ತಿಗೆ. ಅತ್ತಿಗೆ ಒಮ್ಮೆ ಬೇಡ ಎಂದರೆ ಮುಗಿಯಿತು, ಸುಳ್ಳು ಕಿತ್ತುಹೋಗಿ ಅವನ ಸಾವು ಸಾವಾಗಿಯೇ ಉಳಿಯುತ್ತದೆ. ಬೇಡ ಎನ್ನದೆ ಇನ್ನೇನು ಅಂದಾಳು?

ಔಷಧದ ಅಂಗಡಿಯ ಕೆಲಸ ಮುಗಿಸಿ ಅತ್ತಿಗೆ ಸಿನಿಮಾ ನೋಡಲು ನೇರವಾಗಿ ಬಂದಿದ್ದಳು. ಹತ್ತಾರು ಕುರ್ಚಿಗಳ ಪುಟ್ಟ ಥಿಯೇಟರು. ಕುರ್ಚಿಯ ತೋಳಿನ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಇಣುಕುತ್ತಿತ್ತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕೂತವಳ ಹಾಗೆ ಕೂತಳು.

ಶೆಲ್ ಬಿತ್ತು. ಸುಣ್ಣದ ಪುಡಿಯ ಮೌನಿ ಎದ್ದು ಬಂದ, ಕೇಳಬೇಕಾದ್ದನ್ನು ಕೇಳಿದ. ಅತ್ತಿಗೆ ನಕ್ಕುಬಿಟ್ಟಳು. ಕೈ ಬಾಯಿಗೆ ಹೋಗುವಷ್ಟರಲ್ಲಿ ನಗು ಹೊರಗೆ ಬಂದಾಗಿತ್ತು. ಪಕ್ಕದಲ್ಲಿದ್ದ ವರದಿಗಾರ್ತಿಗೆ ಅವಳ ಮೇಲೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

ದೀಪ ಹತ್ತಿದ ಮೇಲೆ ಅತ್ತಿಗೆ ನಿರ್ದೇಶಕನ ಕಡೆ ತಿರುಗಿದಳು. "ಅವರು ಬಾಗಿಲು ತಟ್ತಾರಲ್ಲ, ಅದನ್ನ ಇನ್ನೊಂದ್ಸಲ ಹಾಕ್ತೀರಾ?"

ಹಾಕಿದರು. ನೋಡಿ ಎದ್ದು ನಿಂತು, "ಹೀಗೇ ಇರಲಿ ಬಿಡಿ," ಎಂದಳು.

ಮೆಟ್ಟಿಲಿಳಿಯುವಾಗ ವರದಿಗಾರ್ತಿಗೆ ತಡೆಯಲಾಗಲಿಲ್ಲ. "ಅದು ಸುಳ್ಳು ಅತ್ತಿಗೆ. ಅಣ್ಣ ಬರಲಿಲ್ಲ."

"ನಂಗೊತ್ತಿಲ್ವಾ?" ಅತ್ತಿಗೆ ಕಂಬಿ ಹಿಡಿದು ನಿಂತಳು. "ನೀನು ಟಿವೀಲಿ ಹೇಳಿದೆ, ಪುಸ್ತಕದಲ್ಲಿ ಬರೆದೆ, ಪ್ರತಿ ವರ್ಷ ಆ ದಿನ ಬಂದ್ರೆ ಮತ್ತೆ ಹೇಳ್ತೀಯ. ಸಾಯ್ತಾನೇ ಇದ್ದಾರೆ ಅವರು. ನಂಗೆ ಮುಖ ತೋರಿಸ್ಲಿಲ್ಲ, ಗೊತ್ತಾ? ಪೆಟ್ಟಿಗೆ ತೆಗೀಬೇಡಿ ಅಂದ್ರು. ಕೆಲಸಕ್ಕೆ ಅಂತ ಹೋದವರು ಹೋದ ಹಾಗೇ ಇದ್ರು. ಇವತ್ತು ಸುಳ್ಳಿಗಾದ್ರೂ ಮನೆಗೆ ಬಂದ್ರಲ್ಲ."

ಯಾವ ಊರು ಉರಿಯುತ್ತಿದ್ದರೂ ಮೈಕು ಹಿಡಿದು ಪಟಪಟ ಮಾತಾಡುತ್ತಿದ್ದ ವರದಿಗಾರ್ತಿ, ಇವಳೊಬ್ಬಳ ಎದುರು ಕೂತು ಮಾತಾಡಿಯೇ ಇರಲಿಲ್ಲ. ನಾಚಿಕೆಯಾಯಿತು.

"ಒಂದು ಕೇಳ್ಲಾ?" ಎಂದಳು ಅತ್ತಿಗೆ. "ಅವತ್ತು ಅವರು ಏನಾದ್ರೂ ತಿಂದಿದ್ರಾ?"

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ವರದಿಗಾರ್ತಿಯೂ ಎಲ್ಲೂ ಬರೆದಿರಲಿಲ್ಲ.

"ತಿಂದಿದ್ರು. ಬ್ರೆಡ್ಡು, ಎರಡು ಮೊಟ್ಟೆ. ನಂಗೆ ಬೇಡ ಅಂದೆ, ನನ್ನ ಪಾಲಿಂದೂ ಅವರೇ ತಿಂದ್ರು."

"ಹೊಟ್ಟೆ ತುಂಬಿತ್ತು ಹಾಗಾದ್ರೆ."

"ತುಂಬಿತ್ತು ಅತ್ತಿಗೆ."

ಅತ್ತಿಗೆ ಆ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ಹೆಣ ಬಂದ ದಿನ ಕಲ್ಲಿನ ಹಾಗಿದ್ದಳೆಂದು ಎಲ್ಲರೂ ಆಡಿಕೊಂಡಿದ್ದ ಹೆಂಗಸು, ಹೋಗಿ ಬರುವವರ ದಾರಿಗೆ ಅಡ್ಡವಾಗಿ ಕೂತು ಗೋಳೋ ಎಂದು ಅಳತೊಡಗಿದಳು. ವರದಿಗಾರ್ತಿ ಪಕ್ಕದಲ್ಲಿ ಕೂತು ಅವಳ ಬೆನ್ನಿನ ಮೇಲೆ ಕೈ ಇಟ್ಟಳು.